ಇದೋ, ಅದೋ

ಊರ ಹೆಸರು ಓಹೋ ಸೆಕೊ.
ನಗಬೇಡಿ. ಇಲ್ಲಿಯವರ ಸ್ಪ್ಯಾನಿಷಿನಲ್ಲಿ
ಓಹೋ ಅಂದರೆ ಕಣ್ಣು, ನೀರಿನ ಒರತೆಯೂ ಹೌದು;
ಸೆಕೊ ಅಂದರೆ ಬತ್ತಿದ್ದು.
ಕಣ್ಣು ನೋಡುವವಳಿಗೆ ಬೇರೆ ಬೋರ್ಡು ಬೇಕೆ?

ಸಾಂತಾ ಫೆಯ ಆಫೀಸಿನಲ್ಲಿ ಸಹಿ ಹಾಕಿದಾಗ ನನಗೆ ಇಪ್ಪತ್ತೆರಡು.
ನಾಲ್ಕು ವರ್ಷದ ಫೀಸು ರಾಜ್ಯದ್ದು,
ಓದಿ ಬಂದಮೇಲೆ ವರ್ಷಕ್ಕೊಂದು ವರ್ಷ
ಯಾರೂ ಬಂದು ಕೂರದ ಊರಿನಲ್ಲಿ ನಾನು ಕೂರಬೇಕು.
ತಪ್ಪಿದರೆ ಬಡ್ಡಿ ಸಮೇತ ವಾಪಸು.
ಇದಿಷ್ಟು ದಪ್ಪಕ್ಷರ. ಕೆಳಗೆ ಇರುವೆ ಸಾಲು.
ಅಷ್ಟು ಸಣ್ಣದನ್ನು ನನ್ನ ಚಾರ್ಟಿನಲ್ಲಿ
ಇವತ್ತಿನವರೆಗೂ ಯಾರೂ ಓದಿಲ್ಲ.
ಮೋಟೆಲಿನ ಹಾಸುಬಟ್ಟೆ ಒಗೆಯುವ ಅಮ್ಮ
ಕಾಗದವನ್ನು ಮೊಳದುದ್ದ ದೂರ ಹಿಡಿದು
"ಹಾಕೇ ರೊಸೌರಾ, ಊರು ತಾನೇ, ಜೈಲಲ್ಲವಲ್ಲ" ಅಂದಳು.

ಸಿಕ್ಕಿದ್ದು ಮುಚ್ಚಿದ ಟೈರಿನಂಗಡಿ.
ಚಾರ್ಟಿಗೆ ಬೇಕಾದಷ್ಟು ಉದ್ದ ಕೋಣೆಯಲ್ಲಿರಲಿಲ್ಲ,
ಗೋಡೆಗೆ ಕನ್ನಡಿ ಹೊಡೆದು
ದೂರವನ್ನು ಮಡಚಿಟ್ಟುಕೊಂಡೆ.
ಮೊದಲ ತಿಂಗಳು ಮೂವರು ಬಂದು ಪಂಕ್ಚರ್ ಕೇಳಿದರು.
ನಾಲ್ಕನೆಯವನು ಎಲೆಯುತೇರಿಯೊ,
ಕಾಲುವೆ ನೀರಿನ ಪಾಳಿ ಹಂಚುವ ಮುದುಕ.
ಔಷಧಿ ಅಂಗಡಿಯ ಒಂದು ಡಾಲರಿನ ಕನ್ನಡಕ,
ಒಂದು ಕಡ್ಡಿಯ ಜಾಗಕ್ಕೆ ಹುಲ್ಲುಹೊರೆ ಕಟ್ಟುವ ತಂತಿ.
ಗಾಜು ಬದಲಿಸುತ್ತಾ ಕೇಳಿದೆ: ಇದೋ, ಅದೋ?
"ಅದು."
ಇದೋ, ಅದೋ?
"ಎರಡೂ ಒಂದೇ ಥರ ಮಗಳೇ. ನಿನಗೆ ಯಾವುದು ಇಷ್ಟವೋ ಅದು ಬರಕೋ."

ಮೂರನೆಯ ಚಳಿಗಾಲಕ್ಕೆ ಲಿಯೋಕಾದಿಯಾ.
ಇಪ್ಪತ್ತಾರು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವಳು.
ಹನಿ ಬಿಟ್ಟು, ಪಾಪೆ ಅರಳಿದ ಮೇಲೆ
ಒಳಗೆ ಬೆಳಕು ಹಾಯಿಸಿದೆ.
ಸಕ್ಕರೆ ತನ್ನ ಲೆಕ್ಕವನ್ನೆಲ್ಲ ಅಲ್ಲಿ
ಕೆಂಪು ಮಸಿಯಲ್ಲಿ ಬರೆದಿಟ್ಟಿತ್ತು.
"ಸೇತುವೆ ದಾಟಿ ಏಳು ಎಣಿಸಿದರೆ ಎಡಕ್ಕೆ ತಿರುವು,
ಕಣ್ಣು ಯಾಕೆ ಬೇಕು?" ಅಂದಳು, ಹೆಮ್ಮೆಯಲ್ಲಿ.
ಬೆನ್ನ ಹಿಂದೆ ಹತ್ತೊಂಬತ್ತು ಮಕ್ಕಳು.

ಆ ಸಂಜೆ ನಾನು ತುಂಬಿದ ಫಾರಂ
ಅವಳ ಕೈಯಿಂದ ಬಸ್ಸಿನ ಕೀಲಿ ಇಸಿದುಕೊಂಡಿತು.
ಕಣ್ಣು ಕೊಡಲೆಂದು ತಾನೇ ರಾಜ್ಯ ನನ್ನ ಫೀಸು ಕಟ್ಟಿದ್ದು?
ಇದೂ ಆ ಇರುವೆ ಸಾಲಿನಲ್ಲಿ ಎಲ್ಲೋ ಇತ್ತೇನೋ.
ಎರಡು ತಿಂಗಳು ಊರು ನನಗೆ ಬ್ರೆಡ್ಡು ಮಾರಿತು,
ಮುಖ ತೋರಿಸಲಿಲ್ಲ.

ಲೇಸರ್ ಚಿಕಿತ್ಸೆ ಆಲ್ಬುಕರ್ಕಿಯಲ್ಲಿ, ಮೂರು ಗಂಟೆ ದಾರಿ.
ಕರೆದೊಯ್ಯುವವರು ಯಾರೂ ಇರಲಿಲ್ಲ. ನಾನೇ ಓಡಿಸಿದೆ.
ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತವಳು
ಐದು... ಆರು... ಎಂದು ಎಣಿಸುತ್ತಾ
"ಈಗ ತಿರುಗಿಸೇ, ತಡ ಮಾಡಿದೆ" ಎಂದು ಗದರಿದಳು.
ಕ್ಷಮಿಸಿದ್ದಾಳೋ ಇಲ್ಲವೋ ಗೊತ್ತಿಲ್ಲ.
ಎರಡನೆಯ ಸಲ ಹೊರಟಾಗ
ನನಗೂ ಸೇರಿಸಿ ಬುರ್ರಿತೊ ಕಟ್ಟಿ ತಂದಿದ್ದಳು.

ನಿನ್ನೆ ಕಾಗದ ಬಂತು. ಬಾಕಿ: ಸೊನ್ನೆ.
ನಾಲ್ಕು ವರ್ಷ ಒಂದು ದುಂಡು ಅಂಕಿಯೊಳಗೆ.
ಅದೇ ಟಪಾಲಿನಲ್ಲಿ ಇನ್ನೊಂದು:
ಆಲ್ಬುಕರ್ಕಿಯ ಮಾಲು, ಗಾಜಿನ ಗೋಡೆ,
ಸಂಬಳ ಎರಡರಷ್ಟು, ಮಡಚದೆಯೇ ಸಿಗುವ ದೂರ.

ಸಂಜೆ ದೀಪ ಆರಿಸಿ
ರೋಗಿಯ ಕುರ್ಚಿಯಲ್ಲಿ ನಾನೇ ಕೂತೆ.
ಟೈರಿನ ವಾಸನೆ ಇನ್ನೂ ಹೋಗಿಲ್ಲ.
ಎದುರು ಯಾರೂ ಇಲ್ಲ, ಆದರೂ ಗಾಜು
ಟಕ್ಕೆಂದು ತಿರುಗಿದ ಹಾಗೆ ಕೇಳಿತು. ಇದೋ?
ಟಕ್. ಅದೋ?

ಎರಡೂ ಒಂದೇ ಥರ, ಮಗಳೇ.

ರೋಗಿಗಳಿಗೆ ಇದನ್ನು ನಾವು ಬಿಡಿಸಿ ಹೇಳುವುದಿಲ್ಲ:
ಇದೂ ಅದೂ ಒಂದೇ ಥರ ಕಂಡರೆ
ತಪ್ಪಾಯಿತೆಂದು ಅವರು ಗಾಬರಿಯಾಗುತ್ತಾರೆ,
ನಾವು ಕೈ ನಿಲ್ಲಿಸುತ್ತೇವೆ.
ನಂಬರು ಸಿಕ್ಕುವುದೇ ಅಲ್ಲಿ.

ಗುರುವಾರದ ಪಟ್ಟಿಯಲ್ಲಿ ಹನ್ನೊಂದು ಹೆಸರಿವೆ.
ಹನ್ನೆರಡನೆಯದನ್ನು ಎಲೆಯುತೇರಿಯೊ ತಾನೇ ಗೀಚಿ ಹೋಗಿದ್ದಾನೆ,
ಗೆರೆಯ ಮೇಲೆ, ನೇರವಾಗಿ.