ಗುಂಡಿಗೆ ಬಿದ್ದ ದೀರ್ಘ

ಹೊಂಬಾಳಕ್ಕನಿಗೆ ತಂಗಿ ಮಾಡುವ ನಮಸ್ಕಾರ.
ಇತ್ತ ಕ್ಷೇಮ. ಅತ್ತ...
ಅತ್ತ ಅಂದರೆ ಎಷ್ಟು ದೂರ? ಇದೇ ಊರು.
ಬನಶಂಕರಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರೆ
ಪರಪ್ಪನ ಅಗ್ರಹಾರ.
ಆದರೂ ಕಾಗದಕ್ಕೆ ನಾಲ್ಕು ದಿನ ಬೇಕು.
ನಡೆದೇ ಬರುತ್ತೇನೋ ಪಾಪ.

ಜಾಲಹಳ್ಳಿ ಕ್ರಾಸು ದಾಟಿತು. ಟಿಕೆಟ್ಟೆಲ್ಲ ಮುಗೀತು.
ತೊಡೆ ಮೇಲೆ ಚೀಲ, ಚೀಲದ ಮೇಲೆ ರಟ್ಟು,
ರಟ್ಟಿನ ಮೇಲೆ ಈ ಹಾಳೆ.
ರುದ್ರೇಶಣ್ಣನಿಗೆ ಇವತ್ತು ಯಾರ ಮೇಲೆ ಸಿಟ್ಟೋ,
ಬ್ರೇಕು ಒತ್ತಿದಾಗಲೆಲ್ಲ ನನ್ನ ಪೆನ್ನು ಹಾಳೆ ದಾಟಿ
ಪಕ್ಕ ನಿಂತವರ ಅಂಗಿ ಗೀಚುತ್ತೆ.
ಈಗ 'ನೀನು' ಅಂತ ಬರೆಯೋಕೆ ಹೋದೆ,
ಗೊರಗುಂಟೆಪಾಳ್ಯದ ಗುಂಡಿ ಬಂತು.
ದೀರ್ಘ ಕಳಚಿ ಕೆಳಗಿನ ಸಾಲಿಗೆ ಬಿತ್ತು ನೋಡು.
ಎತ್ತಿ ಓದಿಕೋ.

ಫೋನಿನಲ್ಲಿ ನಾವಿಬ್ಬರೂ ಸುಳ್ಳುಬುರುಕಿಯರು.
ಐದು ನಿಮಿಷ, ನಿನ್ನ ಹಿಂದೆ ಸಾಲು ನಿಂತವರ ಕೆಮ್ಮು,
ಚೆನ್ನಾಗಿದೀಯಾ, ಚೆನ್ನಾಗಿದೀನಿ, ನೀನು, ನಾನೂ.
ದನಿಗೆ ಪೌಡರು ಬಳಿಯೋದು ನಮಗೆ ಚಿಕ್ಕಂದಿನ ಅಭ್ಯಾಸ.
ಕೈಗೆ ಆ ವಿದ್ಯೆ ಹತ್ತಲಿಲ್ಲ.
'ಆರೋಗ್ಯವಾಗಿದೀನಿ' ಅಂತ ನೀನು ಬರೆದ ಕಾಗದದಲ್ಲಿ
ಸಾಲೆಲ್ಲ ಬಲಕ್ಕೆ ಹೋಗ್ತಾ ಹೋಗ್ತಾ ಜಾರಿದ್ದವು,
ಒತ್ತುಗಳು ಅಕ್ಷರದ ಕಾಲು ಬಿಟ್ಟು ದೂರ ಕೂತಿದ್ದವು.
ಜ್ವರ ಎಷ್ಟಿತ್ತು, ನಿಜ ಹೇಳು.

ಯುಗಾದಿ ರಜೆಯಲ್ಲಿ ಒಂದು ತಪ್ಪು ಮಾಡಿದೆ.
ಮನೆಯಲ್ಲಿ ಮೇಜಿನ ಮುಂದೆ ಫ್ಯಾನು ಹಾಕಿಕೊಂಡು ಕೂತು
ಗೆರೆ ಹಾಳೆ ಮೇಲೆ ದುಂಡಗೆ ಬರೆದು ಕಳಿಸಿದೆ,
ಏಳನೇ ಕ್ಲಾಸಲ್ಲಿ ಸ್ಟೀಲ್ ಲೋಟ ಗೆದ್ದ ಅಕ್ಷರದಲ್ಲಿ.
ನಿನ್ನ ಉತ್ತರ ಒಂದೂವರೆ ಸಾಲು:
ಯಾರ ಕೈಲಿ ಬರೆಸಿದೆ? ಕೆಲಸ ಹೋಯ್ತಾ?
ಅದರ ಕೆಳಗೆ, ಗಟ್ಟಿಯಾಗಿ ಒತ್ತಿ,
ಬಸ್ಸು ನಿಂತಾಗ ಬರೀಬೇಡ ಕಣೆ. ಓಡುವಾಗ ಬರಿ.

ನೀನು ಹಾಳೆ ಮೇಲೆ ಬೆರಳಿಟ್ಟು ಹೋಗ್ತೀಯಂತೆ.
ಇದು ಯಶವಂತಪುರದ ಹಂಪು.
ಅಕ್ಷರ ಇರುವೆಯಷ್ಟಾದರೆ ಮೆಜೆಸ್ಟಿಕ್ಕಿನ ನೂಕುನುಗ್ಗಲು.
ಶಾಯಿ ಒಂದೇ ಕಡೆ ಹೊಂಡ ಕಟ್ಟಿದರೆ
ಟೌನ್ ಹಾಲಿನ ಸಿಗ್ನಲ್ಲು, ಬಿಡೋದೇ ಇಲ್ಲ.
ಪಕ್ಕದ ಚಾಪೆಯ ಸಲೋಮಿಯನ್ನೂ ಕೂರಿಸಿಕೊಂಡು
ಮಿನರ್ವ, ಮಿನರ್ವ, ಇಳಿಯೋರು ಮುಂದೆ ಬನ್ನಿ ಅಂತ ಕೂಗಿದೆಯಂತೆ.
ಓದಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ,
ಆಮೇಲೆ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ಮುಖ ತೊಳೆದೆ.

ನಮ್ಮ ಕಾಗದ ಮೊದಲು ಬಿಡಿಸಿ ಓದುವ ಮೇಡಂ,
ಮೂಲೆಗೆ ನೇರಳೆ ಮೊಹರು ಒತ್ತುವವರು,
ಹೋದ ತಿಂಗಳು ನಾನು ಮಲಗಿಬಿಟ್ಟು ಬರೆಯದಿದ್ದಾಗ
ಬಾಗಿಲ ಹತ್ತಿರ ನಿಂತು ನಿನ್ನನ್ನ ಕೇಳಿದರಂತಲ್ಲ,
'ಈ ವಾರ ನಿಮ್ಮ ತಂಗಿ ಬಸ್ಸು ಬರಲಿಲ್ವಾ?'
ಅವರಿಗೂ ನಮಸ್ಕಾರ.
ಅವರಿಗೆ ಟಿಕೆಟ್ಟಿಲ್ಲ. ಸ್ಟಾಫು.

ಹೆಂಗಸರಿಗೆಲ್ಲ ಈಗ ಸೊನ್ನೆ ರೂಪಾಯಿ ಟಿಕೆಟ್ಟು ಅಕ್ಕ.
ನೀನು ಒಳಗೆ ಹೋದಾಗ ಇರಲಿಲ್ಲ.
ಒಂದು ಹರಿದು ಲಕೋಟೆಗೆ ಹಾಕೋಣ ಅಂದುಕೊಂಡೆ,
ಲೆಕ್ಕಕ್ಕೆ ಸಿಕ್ಕಿಬೀಳುತ್ತೆ, ಬೇಡ.
ಹೊರಗೆ ಬಂದ ದಿನ ಕೈಗೇ ಕೊಡ್ತೀನಿ. ಕಿಟಕಿ ಸೀಟು.
ಆಮೇಲೂ ಬರೀತೀನಿ,
ನೀನು ಎರಡು ಸೀಟು ಹಿಂದೆ ಕೂತಿದ್ದರೂ,
ಜನರ ಕೈ ದಾಟಿಸಿ ಕಳಿಸ್ತೀನಿ, ಚಿಲ್ಲರೆ ಕಳಿಸಿದ ಹಾಗೆ.

ಲಾಲ್‌ಬಾಗಿನ ಗೋಡೆ ಬಂತು.
ಈ ವಾರ ಇಲ್ಲಿ ಹೊಸ ಟಾರು ಹಾಕಿದ್ದಾರೆ,
ಅಕ್ಷರ ಇದ್ದಕ್ಕಿದ್ದ ಹಾಗೆ ನೆಟ್ಟಗಾಗಿಬಿಟ್ಟವು.
ಹೆದರಬೇಡ, ನಾನೇ.
ಮುಂದೆ ಜಯನಗರದಲ್ಲಿ ಅಗೆದಿದ್ದಾರೆ.