ನೋಟು ನೋಡುವ ದೀಪ

ಆಲೆಮನೆಗೆ ಸೌದೆ ಹೊತ್ತ ಟೆಂಪೊ
ಮಂಡ್ಯದ ಗುತ್ತಲು ರೋಡಿನಲ್ಲಿ, ನಮ್ಮ ಬೆಲ್ಲದ ಮಂಡಿ ಮುಂದೆ
ಟೀಗೆ ನಿಂತಾಗ ನೀನೂ ಇಳಿದೆ, ಬಿಲ್ಲಿಲ್ಲದೆ.
ಹಮಾಲಿ ಬೋರಲಿಂಗ ಕೆರ ಎತ್ತಿದ್ದ.
ನಾನು ಬೆಲ್ಲದ ಬಕೆಟ್ಟು ಬೋರಲು ಹಾಕಿದೆ.
ಯಾಕೆ ಅಂತ ಇವತ್ತಿಗೂ ಕೇಳುತ್ತಾರೆ.
ಕೈಗೆ ಸಿಕ್ಕಿದ್ದು ಅದು, ಅಷ್ಟೆ.

ಅಂಗೈ ಉದ್ದ. ಕಾಡಿನ ಕಪ್ಪು. ಏಡಿಯಂಥ ಎರಡು ಕೈ.
'ಮಂಡ್ರಗಬ್ಬೆ ಕಣವ್ವ,' ಅಂದ ಬೋರಲಿಂಗ,
'ನೋಡಕ್ಕೇ ಯಮ, ಕುಟುಕಿದ್ರೆ ಕಡಜ ಕಚ್ದಂಗೆ.
ಕೈ ದಪ್ಪ ಇರೋ ಚೇಳು ಇಸಕ್ಕೆ ಬಡವ.'
ಮಗನ ಮೀನು ಸತ್ತು ಖಾಲಿ ಬಿದ್ದಿದ್ದ ಗಾಜಿನ ತೊಟ್ಟಿ,
ಅದರೊಳಗೆ ತೆಂಗಿನ ನಾರಿನ ಪುಡಿ,
ಸೂರಿಗೆ ಒಂದು ಒಡಕು ಹೆಂಚು,
ನೀರಿಗೆ ಸೋಡಾ ಮುಚ್ಚಳ.

ಓರಗಿತ್ತಿ ಜಯಶೀಲ ಸೀರೆ ಎತ್ತಿ ಹಿಡಿದು ಬಾಗಿಲಲ್ಲೇ ನಿಂತಳು.
ಚೇಳಿಗೆ ಪಾರುಪತ್ಯ ಕೊಟ್ಟೆಯಲ್ಲೇ, ಅಂದಳು.
ಪಾರುಪತ್ಯವೆಲ್ಲಿ ಬಂತು, ಹಗಲೆಲ್ಲ ನಿದ್ದೆ,
ವಾರಕ್ಕೊಂದು ಜಿರಲೆ.
ಹೆಸರಿಟ್ಟಿದ್ದೀಯಾ?
ಇಲ್ಲ. ಕರೆದರೆ ಬರುವುದಿಲ್ಲ, ಸುಮ್ಮನೆ ಯಾಕೆ ಹೆಸರು ಸವೆಸುವುದು.
ಮುಟ್ಟಿದ್ದೀಯಾ?
ಇಲ್ಲ.
ಮತ್ತೆ ಸಾಕಿದ್ದು ಯಾತಕ್ಕೆ?
ಸಾಕು ಅನ್ನುವ ಮಾತಿಗೆ ನಮ್ಮಲ್ಲಿ ಎರಡರ್ಥ.
ಆವತ್ತು ಯಾವುದನ್ನು ಹೇಳಿದೆನೋ,
ಅವಳು ಕಾಫಿ ಕುಡಿಯದೆ ಹೋದಳು.

ರಾತ್ರಿ ಎಂಟಕ್ಕೆ ಶಟರ್ ಅರ್ಧ ಎಳೆದು
ನೇರಳೆ ದೀಪದಡಿ ಗಲ್ಲಾಪೆಟ್ಟಿಗೆ ಎಣಿಸುತ್ತೇನೆ.
ಖೋಟಾ ಆದರೆ ಕಾಗದ ಪೂರ್ತಿ ಬೆಳಗುತ್ತದೆ.
ಅಸಲಿ ಮಂಕಾಗಿಯೇ ಇರುತ್ತದೆ, ಒಂದೆರಡು ಎಳೆ ಬಿಟ್ಟು.
ಒಂದು ದಿನ ಕೈ ತಾಗಿ ದೀಪ ನಿನ್ನ ಕಡೆ ತಿರುಗಿತು.
ಅಯ್ಯೋ,
ಉಗುರಿನಿಂದ ಬಾಲದ ಕೊಂಡಿತನಕ ಹಸುರು,
ನಾಲೆಗೆ ನೀರು ಬಿಟ್ಟಾಗಿನ ಒಟ್ಲು ಪಾತಿಯ ಹಸುರು.
ಇಷ್ಟು ಬೆಳಕು ಇಟ್ಟುಕೊಂಡು ಹೆಂಚಿನಡಿ ಕೂತಿದ್ದೆಯಾ!
ಅವತ್ತಿನಿಂದ ನನ್ನ ಲೆಕ್ಕ ತಪ್ಪುವುದು ಜಾಸ್ತಿ.

ಶ್ರಾವಣ ಕಳೆದ ಮೇಲೆ ಮೂರು ವಾರ ನೀನು ಏನೂ ಮುಟ್ಟಲಿಲ್ಲ.
ಜಿರಲೆ ನಿನ್ನ ಬೆನ್ನ ಮೇಲೇ ಓಡಾಡಿತು.
'ಓಯ್ತು ಬುಡವ್ವ. ಬೇವಿನ ಬುಡದಲ್ಲಿ ಗುಂಡಿ ತೋಡ್ಲಾ?'
ಇರಲಿ, ಅಂದೆ.
ಶನಿವಾರ ರಾತ್ರಿ ದೀಪ ಹಾಕಿದರೆ
ಬೆಳಗುತ್ತಿದ್ದೀಯ. ಅದೇ ಹಸುರು, ಅದೇ ಎತ್ತಿದ ಬಾಲ.
ಹಿಡಿದ ಉಸಿರು ಬಿಡುವಷ್ಟರಲ್ಲಿ ಕಂಡಿತು,
ತಲೆಯ ಅಂಚು ಬಿರಿದಿದೆ,
ಒಳಗೆ ಯಾರೂ ಇಲ್ಲ.
ಪಕ್ಕದಲ್ಲಿ ಕತ್ತಲೆಯೊಂದು ಮಿಸುಕಿತು.
ಟಾರ್ಚು ಹಾಕಿ ನೋಡಿದೆ: ಮೆತ್ತಗೆ, ಅರೆಬೆಂದ ಬೆಲ್ಲದ ಬಣ್ಣ,
ಕಾಲೂರಲು ಇನ್ನೂ ಬಾರದು.
ಮತ್ತೆ ನೇರಳೆ ದೀಪ ಹಿಡಿದೆ. ಇಲ್ಲ.
ಒಂದು ಎಳೆಯೂ ಹೊಳೆಯಲಿಲ್ಲ.

ಪೊರೆಯನ್ನು ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆಯ ಪಕ್ಕ ಇಟ್ಟಿದ್ದೇನೆ.
ಸೋಮವಾರ ಮಳವಳ್ಳಿ ಕಡೆಯವನೊಬ್ಬ ಐನೂರರ ಕಟ್ಟು ತಂದ.
ಎಣಿಸಿ ಒಳಗೆ ಹಾಕಿದೆ.
'ದೀಪಕ್ಕೆ ಇಡ್ದು ನೋಡಕ್ಕಿಲ್ವಾ ಅಕ್ಕಾ?'
ಸಾಕು, ಅಂದೆ.