ಬೆಂಗ್ರೆಯಿಂದ ಕೇಳಿದ ಏಲಂ

ತಲೆಗೆ ಎಣ್ಣೆ ಹಾಕಬೇಡಿ ಅಂತ ಚೀಟಿಯಲ್ಲಿ ಬರೆದಿದ್ದೆ.
ಗುಲಾಬಿಯಕ್ಕ ಹಾಕಿಯೇ ಕರೆತಂದಿದ್ದಾರೆ.
ಎಣ್ಣೆ ಇದ್ದಲ್ಲಿ ವಿದ್ಯುತ್ತಿಗೂ ಕಾಲು ಜಾರುತ್ತದೆ.
ಇನ್ನೊಮ್ಮೆ ಶಾಂಪೂ, ಇನ್ನೊಂದು ಬೈರಾಸು,
ಆಮೇಲೆ ಟೋಪಿ: ಮೂವತ್ತೆರಡು ತೂತು,
ತೂತಿಗೊಂದು ಬೊಟ್ಟು ತಣ್ಣನೆ ಗಂಜಿಯಂಥ ಜೆಲ್ಲು.

ವಾಮನ ಸಾಲ್ಯಾನರು ಅಲ್ಲಾಡುವುದಿಲ್ಲ.
ಅಲ್ಲಾಡದೆ ಹದಿನಾಲ್ಕು ತಿಂಗಳು.
ಮಿದುಳಿನ ಬುಡದಲ್ಲಿ ರಕ್ತ ಕಟ್ಟಿದ ಆ ಬೆಳಗಿನವರೆಗೆ
ಬಂದರಿನ ದಕ್ಕೆಯಲ್ಲಿ ಏಲಂ ಕೂಗುತ್ತಿದ್ದವರು:
ಒಂಜಿ, ರಡ್ಡ್, ಮೂಜಿ!
ಬೂತಾಯಿ ಬುಟ್ಟಿ ಕೈ ಬದಲಾಗುವಷ್ಟರಲ್ಲಿ
ಮುಂದಿನ ಬಂಗುಡೆಗೆ ಬೆಲೆ ಹುಟ್ಟಿರುತ್ತಿತ್ತಂತೆ.

ಈಗ ಎದುರಿಗೆ ಪರದೆ, ಅಕ್ಷರಗಳ ಚೌಕ.
ಅಡ್ಡಸಾಲು ಮಿನುಗುತ್ತದೆ, ಉದ್ದಸಾಲು ಮಿನುಗುತ್ತದೆ,
ತನಗೆ ಬೇಕಾದ್ದು ಮಿನುಗಿದಾಗ ಮಿದುಳು
ಸೆಕೆಂಡಿನ ಮೂರನೇ ಒಂದು ಪಾಲು ತಡೆದು
ಹಾಂ, ಇದೇ, ಎನ್ನುತ್ತದೆ.
ಆ ಹಾಂ ಹಿಡಿಯುವುದಕ್ಕೆ ನನಗೆ ಸಂಬಳ.
ಒಂದೇ ಸಲಕ್ಕೆ ಸಿಗುವುದಿಲ್ಲ. ಹದಿನೈದು ಸಲ ಮಿನುಗಿಸಿ,
ಹದಿನೈದನ್ನೂ ಒಂದರ ಮೇಲೊಂದು ಹೇರಿ, ಸರಾಸರಿ ತೆಗೆದು,
ಮುಕ್ಕಾಲು ನಿಮಿಷಕ್ಕೆ ಒಂದು ಅಕ್ಷರ.
ಅದೂ ಬೋಳು ಅಕ್ಷರ.
ಕೊಂಬು ಬೇಕೆ? ಇನ್ನೊಂದು ಮುಕ್ಕಾಲು ನಿಮಿಷ.
ಗುಡಿಸು? ಹಾಗೆಯೇ. ಒತ್ತಕ್ಷರದ ಆಸೆ ಬಿಟ್ಟಿದ್ದೇವೆ.
ತುಳುವಿನಲ್ಲಿ ಯೋಚಿಸುವವರು
ಕನ್ನಡದ ಚೌಕದೊಳಗೆ ತಡಕುತ್ತಾರಲ್ಲ,
ಅದರ ಸೆಕೆಂಡು ಯಾರೂ ಎಣಿಸಿಲ್ಲ.

ಕೊರೆಯದೆಯೇ ಓದುತ್ತದಾ, ಅಂತ ಗುಲಾಬಿಯಕ್ಕ ಮೊದಲ ದಿನ.
ಕೊರೆಯುವುದಿಲ್ಲ, ಹೊಲಿಗೆಯಿಲ್ಲ, ಸಂಜೆಗೆ ಮನೆಗೆ.
ಓದುತ್ತದಾ?
ನೀವು ಬೆಂಗ್ರೆಯವರಲ್ಲವಾ, ಎಂದೆ.
ಬೆಳಗ್ಗೆ ಐದಕ್ಕೆ ಹೊಳೆಯ ನಿಮ್ಮ ಬದಿ ನಿಂತರೆ
ಆಚೆ ದಕ್ಕೆಯ ಗದ್ದಲ ಕೇಳುತ್ತದಲ್ಲ,
ಏಲಂ ಶುರುವಾದದ್ದು ಗೊತ್ತಾಗುತ್ತದೆ,
ಮೀನು ಜಾಸ್ತಿಯೋ ಕಡಿಮೆಯೋ, ಅದೂ ಸ್ವಲ್ಪ.
ಯಾವ ಬುಟ್ಟಿ, ಎಷ್ಟಕ್ಕೆ, ಯಾರಿಗೆ?
ಮೂಳೆ ಅಂದರೆ ಆ ಹೊಳೆ.
ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು,
ಇವರ ಸ್ವರ ಮಾತ್ರ ನಮ್ಮ ದಡದವರೆಗೂ ಬರ್ತಿತ್ತು, ಎಂದರು.

ಇವತ್ತು ಫ್ಯಾನು ಬಂದ್. ಅದರ ಗುಂಯ್ ಕೂಡ ಟೋಪಿಗೆ ಕೇಳುತ್ತದೆ.
ಮೇ ತಿಂಗಳ ಸೆಕೆ. ಬೆವರು ಒಂದು ತೂತಿನಿಂದ ಇನ್ನೊಂದಕ್ಕೆ
ಸೇತುವೆ ಕಟ್ಟಿ, ಎರಡು ಗೆರೆ ಸೇರಿ ಒಂದೇ ಸುಳ್ಳು ಹೇಳುತ್ತಿವೆ.
ಬಂತು: ಗ.
ಕಾದೆವು.
ಲ.
ಕೊಂಬು ನನ್ನ ಕೈಯಿಂದ ಜಾರಿತೋ, ಅವರಿಗೇ ಬೇಡವಾಗಿತ್ತೋ,
ಅಷ್ಟರಲ್ಲಿ ಯಂತ್ರವೇ ಮುಂದೆ ಬಿದ್ದು ತುಂಬಿಸಿತು:
ಗಲಾಟೆ.

ಅಳಿಸುತ್ತೇನೆ, ಎಂದೆ.
ಇರಲಿ ಮಾರಾಯ್ತಿ, ಎಂದರು ಗುಲಾಬಿಯಕ್ಕ,
ಮೂವತ್ತೆಂಟು ವರ್ಷಕ್ಕೆ ಈಗ ಸರಿಯಾದ ಹೆಸರಿಟ್ಟರು.

ಆಗ ಎದ್ದಿತು ನೋಡಿ ಪರದೆಯ ತುಂಬ,
ಕಿವಿಯ ಹತ್ತಿರದ ಎರಡು ಗೆರೆ ಮೊದಲು, ಆಮೇಲೆ ಮೂವತ್ತೆರಡೂ,
ಕಪ್ಪಗೆ, ಒರಟಾಗಿ, ಅಳತೆ ಮೀರಿ.
ಯೋಚನೆಯಲ್ಲ ಅದು. ಯೋಚನೆಗೆ ಅಷ್ಟು ಎತ್ತರವಿಲ್ಲ.
ದವಡೆಯ ಮೂಲೆಯಲ್ಲಿ ಉಳಿದಿರುವ ಒಂದು ಸ್ನಾಯು.
ತಂತ್ರಾಂಶ ಅದಕ್ಕೆ ಕೆಂಪು ಬಳಿದು ಕೇಳಿತು:
ಕಸ. ತೆಗೆಯಲೇ?
ನಿಯಮದ ಪ್ರಕಾರ ತೆಗೆಯಬೇಕು.
ಅವರ ಮುಖ ನೋಡಿದೆ. ಮುಖದಲ್ಲಿ ಏನೂ ಇಲ್ಲ,
ಮಧ್ಯಾಹ್ನ ನೀರು ಹಾಕಿ ತೊಳೆದ ದಕ್ಕೆಯ ಸಿಮೆಂಟು.
ಬೇಡ ಎಂದು ಒತ್ತಿದೆ.

ಜೆಲ್ಲು ತೊಳೆದು ವರದಿ ಬರೆದೆ:
ಇಪ್ಪತ್ತೆರಡು ನಿಮಿಷ. ಅಕ್ಷರ ಎರಡು. ಅರ್ಥ ಅನುಮಾನ.
ಬಾಗಿಲ ಹೊರಗೆ ಗಾಲಿಕುರ್ಚಿ ನಿಲ್ಲಿಸಿ
ಗುಲಾಬಿಯಕ್ಕ ಚೀಲದಿಂದ ಬಾಟಲಿ ತೆಗೆದಾಗಿತ್ತು.
ಗುರುವಾರ ಮತ್ತೆ ಉಂಟು, ಎಂದೆ.
ಗೊತ್ತುಂಟು, ಎಂದರು,
ನೆತ್ತಿಗೆ ಎಣ್ಣೆ ತಟ್ಟುತ್ತಾ.